ತೇಲುವವನ್ನು ಚೆಲ್ಲಬಾರದು

ಅತ್ತೆಯ ಕೆಲಸ ಸತ್ತವರನ್ನು ಎಣಿಸುವುದು ಎಂದು ಮಾವ ಎಲ್ಲರಿಗೂ ಹೇಳುತ್ತಿದ್ದರು. ಮಾವ ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಮಿಷನ್ ರಿಪೇರಿ ಮಾಡುತ್ತಾರೆ. ಮಿಷನ್ ಕೊಡಲು ಬಂದವರು ಯಾರಾದರೂ, "ನಿಮ್ಮ ಮನೆಯವರು ಎಲ್ಲಿಗೆ ಕೆಲಸಕ್ಕೆ ಹೋಗೋದು?" ಎಂದು ಕೇಳಿದರೆ ಮಾವ ತಲೆ ಎತ್ತದೆ, "ದಿನಾ ಹೋಗಿ ಎಷ್ಟು ಜನ ಬದುಕಿದ್ದಾರೆ, ಎಷ್ಟು ಜನ ಹೋಗಿಬಿಟ್ರು ಅಂತ ಎಣಿಸಿ ಬರ್ತಾಳೆ" ಎನ್ನುವರು. ಬಂದವರು ಒಂದು ಹೆಜ್ಜೆ ಹಿಂದೆ ಸರಿಯುವರು. ಒಳಗಿನಿಂದ ಅತ್ತೆ, "ಜನ ಅಲ್ಲ, ಕೋಶ! ಕಣ್ಣಿಗೆ ಕಾಣದಷ್ಟು ಚಿಕ್ಕವು. ಇವರ ಮಾತು ಕೇಳ್ಬೇಡಿ" ಎಂದು ಕೂಗುವಳು.

ಈಗ ಮಾವ ಆ ತಮಾಷೆ ಮಾಡುವುದಿಲ್ಲ. ಯಾಕೆ ಬಿಟ್ಟರು ಎಂಬುದನ್ನೇ ನಾನು ಬರೆಯಬೇಕಾಗಿದೆ. ಅತ್ತೆಯನ್ನು ಕೇಳಿಯೇ ಬರೆಯುತ್ತಿದ್ದೇನೆ. "ಬರಿ. ಆದ್ರೆ ನನ್ನನ್ನ ಒಳ್ಳೆಯವಳನ್ನಾಗಿ ಮಾಡ್ಬೇಡ" ಎಂದಳು.

ಅತ್ತೆ ನನ್ನ ಅಪ್ಪನ ಅಕ್ಕ. ಇಪ್ಪತ್ತೆರಡು ವರ್ಷದಿಂದ ಒಂದು ಸಂಶೋಧನಾಲಯದಲ್ಲಿ ಕೋಶ ಸಾಕುವ ಕೆಲಸ ಮಾಡುತ್ತಿದ್ದಾಳೆ. ಸಾಕುವುದು ಎಂದೇ ಅಲ್ಲಿನವರು ಹೇಳುವುದು. ರಕ್ತದಿಂದ ಬೇರ್ಪಡಿಸಿದ ಕಾವಲು ಕೋಶಗಳನ್ನು, ಅಂದರೆ ಮೈಯೊಳಗೆ ರೋಗ ನುಗ್ಗಿದಾಗ ಮೊದಲು ಎದುರು ನಿಲ್ಲುವಂಥವನ್ನು, ಅಂಗೈಯಗಲದ ಪ್ಲಾಸ್ಟಿಕ್ ಪ್ಲೇಟಿನಲ್ಲಿ ಇಡುತ್ತಾರೆ. ಮೇಲೆ ಗುಲಾಬಿ ಬಣ್ಣದ ನೀರು. ಅದೇ ಅವುಗಳ ಊಟ, ಅದಕ್ಕೆ ಮೀಡಿಯಂ ಎನ್ನುತ್ತಾರೆ. ನಮ್ಮ ಮೈಯಷ್ಟೇ ಬೆಚ್ಚಗಿರುವ ಪೆಟ್ಟಿಗೆಯೊಳಗೆ ಅವು ಪ್ಲೇಟಿನ ತಳಕ್ಕೆ ಅಂಟಿಕೊಂಡು ಬದುಕುತ್ತವೆ. ಸತ್ತರೆ ಹಿಡಿತ ಬಿಟ್ಟು ತೇಲುತ್ತವೆ. ಎಣಿಸುವಾಗ ಒಂದು ತೊಟ್ಟು ನೀಲಿ ಬಣ್ಣ ಬೆರೆಸಬೇಕು. ಬದುಕಿರುವ ಕೋಶ ಬಣ್ಣವನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ, ಮುತ್ತಿನ ಹಾಗೆ ಹೊಳೆಯುತ್ತದೆ. ಸತ್ತದ್ದು ನೀಲಿಯಾಗುತ್ತದೆ. ಮೈಕ್ರೋಸ್ಕೋಪಿನಲ್ಲಿ ನೂರು ಕೋಶ ನೋಡಿ, ಅವುಗಳಲ್ಲಿ ನೀಲಿ ಎಷ್ಟು ಎಂದು ಪುಸ್ತಕದಲ್ಲಿ ಬರೆಯಬೇಕು.

ಅಲ್ಲಿ ಅತ್ತೆಯನ್ನು ಎಲ್ಲರೂ ಚೊಕ್ಕಮ್ಮ ಎಂದೇ ಕರೆಯುತ್ತಾರೆ. ಕೆಲಸಕ್ಕೆ ಸೇರಿದ ವರ್ಷ ಅವಳ ಒಂದು ಪ್ಲೇಟನ್ನು ಆಗಿನ ದೊಡ್ಡ ಸಾಹೇಬರು ಬೆಳಕಿಗೆ ಹಿಡಿದು, ಎಲ್ಲರೆದುರು, "ಏನಮ್ಮ, ಕೋಶ ಸಾಕಿದ್ದೀಯೋ, ಕೊಚ್ಚೆ ಸಾಕಿದ್ದೀಯೋ?" ಎಂದು ಕೇಳಿದ್ದರಂತೆ. ಸತ್ತ ಕೋಶಗಳು ತೇಲಿ ನೀರು ಮಬ್ಬಾಗಿತ್ತು. ಅಂದಿನಿಂದ ಅತ್ತೆ ಹಳೆಯ ಮೀಡಿಯಂ ಚೆಲ್ಲಿದ ಮೇಲೆ ಉಪ್ಪುನೀರು ಹಾಕಿ, ಪ್ಲೇಟನ್ನು ಮೆಲ್ಲಗೆ ಅಲುಗಿಸಿ, ತೇಲುವುದನ್ನೆಲ್ಲ ತೆಗೆದುಬಿಡುವುದನ್ನು ರೂಢಿ ಮಾಡಿಕೊಂಡಳು. ಬರೀ ಸಾಕುವುದಕ್ಕೆ ಅದು ಸರಿಯಾದ ಕ್ರಮವೇ. ಅವಳ ಪ್ಲೇಟುಗಳು ಕನ್ನಡಿಯಂತಿದ್ದವು. ಹೊಸದಾಗಿ ಬಂದ ವಿದ್ಯಾರ್ಥಿಗಳನ್ನು ಕರೆತಂದು ತೋರಿಸುತ್ತಿದ್ದರು. ಮನೆಯಲ್ಲೂ ಹಾಗೆಯೇ. ಮಾವ ಚಹಾ ಕುಡಿದು ಲೋಟ ಕೆಳಗಿಡುವಷ್ಟರಲ್ಲಿ ಅದು ತೊಳೆದಾಗಿರುತ್ತಿತ್ತು. "ಸ್ವಲ್ಪ ಹೊತ್ತು ಅಲ್ಲಾಡದೆ ಕೂತ್ರೆ ನನ್ನನ್ನೂ ಜಾಲಿಸಿ ಕವುಚಿ ಹಾಕ್ತಾಳೆ" ಎಂದು ಮಾವ ಗೊಣಗುತ್ತಿದ್ದರು.

ಎರಡು ವರ್ಷದ ಹಿಂದೆ ಆ ಕೋಣೆಗೆ ಹೊಸ ಮೇಡಮ್ ಬಂದರು. ಅವರ ಸಂಶೋಧನೆ ಏನೆಂದು ಅತ್ತೆಗೆ ಅವರೇ ಬಿಡಿಸಿ ಹೇಳಿದ್ದರು. ನಾನು ಅದನ್ನು ಅತ್ತೆಯಿಂದ ಎರಡು ಸಲ ಕೇಳಿ ಬರೆದುಕೊಂಡಿದ್ದೇನೆ.

"ನೋಡಿ ಚೊಕ್ಕಮ್ಮ, ಪ್ರತಿ ಕೋಶದಲ್ಲೂ ತಾನೇ ಸಾಯೋದಕ್ಕೆ ಒಂದು ಗುಂಡಿ ಇದೆ ಅಂದ್ಕೊಳ್ಳಿ. ಕಳ್ಳ ಒಳಗೆ ನುಗ್ಗಿದ ಅಂದ್ರೆ ಕಾವಲಿನವನು ಅದನ್ನ ಒತ್ತಿ ಮನೆ ಸಮೇತ ಕುಸಿದುಬಿಡ್ತಾನೆ. ಕಳ್ಳನಿಗೆ ಉಳಿಯೋಕೆ ಜಾಗ ಇರಲ್ಲ. ಆದ್ರೆ ಇನ್ನೊಂದು ಜೀನ್ ಇದೆ. ಅದು ಗುಂಡಿಗೆ ಕೈ ಅಡ್ಡ ಇಟ್ಟು, ಸಾಯ್ಬೇಡ, ತಾಳು ಅನ್ನುತ್ತೆ. ಬದುಕಿಸೋ ಜೀನ್."

"ಒಳ್ಳೇದೇ ಅಲ್ವಾ ಮೇಡಮ್?"

"ಯಾರಿಗೆ ಒಳ್ಳೇದು? ನಮಗೋ, ವೈರಸ್ಸಿಗೋ? ಅದೇ ಪ್ರಶ್ನೆ. ಕಾವಲಿನವನು ಸಾಯದೇ ಉಳಿದ್ರೆ ವೈರಸ್ಸು ಅವನ ಮನೇಲೇ ಸಂಸಾರ ಹೂಡಬಹುದು."

ಅದಕ್ಕಾಗಿ ಅರ್ಧ ಪ್ಲೇಟುಗಳಲ್ಲಿ ಬದುಕಿಸುವ ಜೀನಿನ ಬಾಯಿ ಮುಚ್ಚಿಸುತ್ತಿದ್ದರು, ಅಂದರೆ ಅದು ಕೆಲಸ ಮಾಡದ ಹಾಗೆ ಮಾಡುತ್ತಿದ್ದರು. ಉಳಿದರ್ಧವನ್ನು ಹಾಗೆಯೇ ಬಿಡುತ್ತಿದ್ದರು. ಎರಡಕ್ಕೂ ವೈರಸ್ ಹಾಕುವುದು. ಮೂರನೆಯ ದಿನ ಒಂದು ಹನಿ ಮೀಡಿಯಂ ಎತ್ತಿ ಪಕ್ಕದ ಕೋಣೆಗೆ ಕೊಟ್ಟರೆ ವೈರಸ್ ಎಷ್ಟಿದೆ ಎಂದು ಅವರು ಅಳೆಯುತ್ತಿದ್ದರು. ಕೋಶಗಳಲ್ಲಿ ಸತ್ತದ್ದೆಷ್ಟು ಎಂದು ಎಣಿಸುವುದು ಅತ್ತೆಯ ಪಾಲು. ಕ್ರಮವನ್ನೆಲ್ಲ ಮೇಡಮ್ ಒಂದು ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಿದ್ದರು. ಅದರ ನಾಲ್ಕನೆಯ ಸಾಲು: ತೇಲುವವನ್ನು ಚೆಲ್ಲಬಾರದು, ತಳದಲ್ಲಿರುವವುಗಳ ಜೊತೆ ಸೇರಿಸಿ ಎಣಿಸಬೇಕು.

ಮೊದಲ ವಾರ ಅತ್ತೆ ಹಾಗೆಯೇ ಮಾಡಿದಳು. ಜೀನಿನ ಬಾಯಿ ಮುಚ್ಚಿಸಿದ ಪ್ಲೇಟುಗಳು ನೋಡಲಾರದಷ್ಟು ಮಬ್ಬಾಗಿದ್ದವು. ಯಾರೂ ಏನೂ ಅನ್ನಲಿಲ್ಲ. ಆದರೂ ಅವಳಿಗೆ ಇಪ್ಪತ್ತು ವರ್ಷದ ಹಿಂದಿನ ಆ ಮಾತು ಕಿವಿಯಲ್ಲೇ ಕೇಳಿದಂತಾಯಿತು. ಸತ್ತದ್ದು ವೈರಸ್ಸಿನಿಂದಲ್ಲ, ತನ್ನ ಕೈಯಿಂದ ಎಂದು ಮೇಡಮ್ ತಿಳಿದುಕೊಂಡರೆ? ಎರಡನೆಯ ವಾರ, ವೈರಸ್ ಅಳೆಯುವ ಹನಿ ಎತ್ತಿಟ್ಟ ಮೇಲೆ, ಉಳಿದದ್ದನ್ನು ಬ್ಲೀಚ್ ನೀರಿಗೆ ಚೆಲ್ಲಿ ಪ್ಲೇಟನ್ನು ಒಂದು ಸಲ ಜಾಲಿಸಿದಳು. ಹತ್ತು ಸೆಕೆಂಡಿನ ಕೆಲಸ. ಸ್ವಲ್ಪ ಕಸ ತೆಗೆದೆ ಎಂದುಕೊಂಡಳು. ಆಮೇಲೆ ಹಾಗೆ ಅಂದುಕೊಳ್ಳುವುದೂ ನಿಂತು ಹೋಗಿ, ಕೈ ತಾನಾಗಿಯೇ ಜಾಲಿಸತೊಡಗಿತು.

ತೊಳೆದ ಮೇಲೆ ಎರಡೂ ಬಗೆಯ ಪ್ಲೇಟುಗಳಲ್ಲಿ ನೂರಕ್ಕೆ ಏಳು, ಎಂಟು, ಒಂಬತ್ತು ನೀಲಿ. ಅಷ್ಟೇ. ಮೊದಲ ವಾರ ಕೈ ಕುದುರಿರಲಿಲ್ಲ ಎಂದು ಮೇಡಮ್ ಆ ಅಂಕಿಗಳನ್ನು ಬದಿಗಿಟ್ಟರು. ಒಂದು ವರ್ಷದ ಮೇಲೂ ಅವರನ್ನು ಒಂದೇ ಒಗಟು ಕಾಡುತ್ತಿತ್ತು. ಜೀನಿನ ಬಾಯಿ ಮುಚ್ಚಿಸಿದ ಪ್ಲೇಟುಗಳಲ್ಲಿ ವೈರಸ್ ಕಡಿಮೆ, ಆದರೆ ಕೋಶಗಳು ಸತ್ತಿಲ್ಲ.

"ಮನೆಗಳೆಲ್ಲ ನಿಂತಿವೆ, ಕಳ್ಳ ಮಾತ್ರ ಕಾಣ್ತಿಲ್ಲ. ಎಲ್ಲಿಗೆ ಹೋದ ಚೊಕ್ಕಮ್ಮ?" ಎಂದು ಅವರು ಕೇಳುತ್ತಿದ್ದರು.

"ನನಗೇನು ಗೊತ್ತಾಗುತ್ತೆ ಮೇಡಮ್" ಎಂದು ಅತ್ತೆ ನಗುತ್ತಿದ್ದಳು.

ಕಳೆದ ವರ್ಷ ಅತ್ತೆಯ ಬಲಗಣ್ಣಿಗೆ ಪೊರೆ ಬಂತು. ತೆಗೆಸಿಕೊಳ್ಳಲು ಎರಡು ವಾರ ರಜೆ ಹಾಕಬೇಕಾಯಿತು. ಆ ಎರಡು ವಾರ ಎಣಿಸಲು ಅವಳು ಬಾಟಲಿಯಕ್ಕನ ಹೆಸರು ಹೇಳಿದಳು. ಬಾಟಲಿಯಕ್ಕ ಅಲ್ಲಿನ ಗಾಜು ತೊಳೆಯುವ ಕೋಣೆಯವರು. ಒಂಬತ್ತು ವರ್ಷ ಸೋಪಿನ ಬಿಸಿನೀರಿನಲ್ಲಿ ಕೈಯಿಟ್ಟು ಅವರ ಬೆರಳುಗಳು ಸೀಳಿದ್ದವು. ಊಟದ ಬಿಡುವಿನಲ್ಲಿ ಅತ್ತೆಯ ಹತ್ತಿರ ಕೂತು ಎಣಿಸುವುದನ್ನು ಕಲಿತಿದ್ದರು. ಕೋಶದ ಕೋಣೆಗೆ ವರ್ಗವಾದರೆ ಕೈಗೆ ಬಿಡುಗಡೆ ಎಂಬುದು ಅವರ ಆಸೆ. ಚೆನ್ನಾಗಿ ಮಾಡಿದರೆ ಖಾಯಂ ಆಗಿ ತೆಗೆದುಕೊಳ್ಳುತ್ತೇನೆ ಎಂದು ಮೇಡಮ್ ಹೇಳಿದ್ದರು.

"ಏನೂ ಹೆದರ್ಬೇಡಿ, ಗೋಡೆ ಮೇಲಿನ ಹಾಳೇಲಿ ಇದ್ದ ಹಾಗೆ ಮಾಡಿ" ಎಂದು ಅತ್ತೆ ಹೇಳಿ ರಜೆಗೆ ಹೋದಳು. ತಾನು ಹಾಗೆ ಮಾಡುತ್ತಿಲ್ಲ ಎಂಬುದು ಆಗ ಅವಳ ನೆನಪಿಗೂ ಬರಲಿಲ್ಲ.

ರಜೆ ಮುಗಿಸಿ ಹೋದ ದಿನ ಮೇಡಮ್ ಪುಸ್ತಕ ತೆರೆದು ನಿಂತಿದ್ದರು. ಎದುರಿಗೆ ಬಾಟಲಿಯಕ್ಕ, ಸುತ್ತ ನಾಲ್ಕೈದು ವಿದ್ಯಾರ್ಥಿಗಳು. ಹಾಗೆಯೇ ಬಿಟ್ಟ ಪ್ಲೇಟುಗಳ ಎದುರು ಬಾಟಲಿಯಕ್ಕ ಬರೆದದ್ದು ಹನ್ನೆರಡು, ಹದಿಮೂರು. ಜೀನಿನ ಬಾಯಿ ಮುಚ್ಚಿಸಿದ ಪ್ಲೇಟುಗಳ ಎದುರು ನಲವತ್ತೊಂದು, ಮೂವತ್ತೆಂಟು, ನಲವತ್ತನಾಲ್ಕು.

"ಒಂದು ವರ್ಷದಲ್ಲಿ ಇಲ್ಲದ್ದು ಎರಡು ವಾರದಲ್ಲಿ ಎಲ್ಲಿಂದ ಬಂತು?" ಎಂದರು ಮೇಡಮ್. "ಎಣಿಸೋಕೆ ಬರಲ್ಲ ಅಂದ್ರೆ ಮೊದಲೇ ಹೇಳ್ಬೇಕಿತ್ತು. ಇಷ್ಟು ಪ್ಲೇಟು ನೀರಿಗೆ ಹಾಕಿದ ಹಾಗಾಯ್ತು."

ಬಾಟಲಿಯಕ್ಕ ಅತ್ತೆಯ ಕಡೆ ತಿರುಗಿದರು. "ಚೊಕ್ಕಮ್ಮ, ನೀವೇ ಹೇಳಿ. ನೀವು ಹೇಳಿಕೊಟ್ಟ ಹಾಗೇ ಮಾಡಿದ್ದೀನಿ ಅಲ್ವಾ?"

ಪೊರೆ ತೆಗೆದ ಕಣ್ಣಿಗೆ ಎಲ್ಲವೂ ಹೊಸದಾಗಿ, ಬೆಳ್ಳಗೆ ಕಾಣುತ್ತಿತ್ತು. ಅತ್ತೆ ಬಾಟಲಿಯಕ್ಕನ ಮುಖ ನೋಡಲಾರದೆ ಅವರ ಹಿಂದಿನ ಗೋಡೆ ನೋಡಿದಳು. ಅಲ್ಲಿ ಹಾಳೆ ಇತ್ತು. ನಾಲ್ಕನೆಯ ಸಾಲು ಅಷ್ಟು ದೂರದಿಂದಲೂ ಓದಲು ಬಂತು. ತಪ್ಪು ಯಾರದು ಎಂದು ಆ ಕ್ಷಣವೇ ತಿಳಿಯಿತು.

"ಹೊಸಬರಿಗೆ ಕೈ ಕುದುರೋದಕ್ಕೆ ಸ್ವಲ್ಪ ಸಮಯ ಬೇಕು ಮೇಡಮ್" ಎಂದಳು.

ಕೇಳಿದವರಿಗೆ ಅದು ಒಳ್ಳೆಯ ಮಾತಿನಂತೆಯೇ ಕೇಳಿಸಿತು. ಬಾಟಲಿಯಕ್ಕ ಅಂದೇ ಗಾಜಿನ ಕೋಣೆಗೆ ಮರಳಿದರು.

ಮರುದಿನದಿಂದ ಅತ್ತೆ ಅವರಿಗೆ ಏನಾದರೂ ಕೊಡಲು ದಾರಿ ಹುಡುಕಿದಳು. ಕೈಗೆ ಹಚ್ಚಿಕೊಳ್ಳಲು ಒಂದು ಡಬ್ಬಿ ಮುಲಾಮು ತೆಗೆದುಕೊಂಡು ಹೋದಳು. ಬಾಟಲಿಯಕ್ಕ ಅದನ್ನು ಎರಡೂ ಕೈಯಲ್ಲಿ ಹಿಡಿದು, "ಅಷ್ಟು ಜನರಲ್ಲಿ ನನ್ನ ಪರ ಮಾತಾಡಿದ್ದು ನೀವೊಬ್ಬರೇ" ಎಂದರು. ಅತ್ತೆ ತಿರುಗಿ ನೋಡದೆ ಮೆಟ್ಟಿಲು ಇಳಿದುಬಿಟ್ಟಳಂತೆ.

ಮನೆಯಲ್ಲಿ ಆ ದಿನಗಳಲ್ಲಿ ಅವಳು ಲೋಟ ತೊಳೆಯುವುದನ್ನು ಬಿಟ್ಟಿದ್ದಳು. ಮಾವ ತಾವೇ ತೊಳೆದು, "ಏನಾಯ್ತೇ ನಿನಗೆ?" ಎಂದು ಕೇಳಿದರು. ಅತ್ತೆ ಹೇಳಿದಳು. ಮಾವ ಮಿಷನ್ನಿನ ಸೂಜಿಯನ್ನು ಒರೆಸುತ್ತಾ ಕೇಳಿಸಿಕೊಂಡರು.

"ಕಣ್ಣಿನ ಮೇಲೆ ಹಾಕು" ಎಂದರು ಕೊನೆಗೆ. "ಪೊರೆ ಇತ್ತು, ನೀಲಿ ಸರಿಯಾಗಿ ಕಾಣ್ತಿರಲಿಲ್ಲ ಅನ್ನು. ಡಾಕ್ಟರ್ ಚೀಟಿ ಇದೆ. ಯಾರು ಇಲ್ಲ ಅಂತಾರೆ? ಆ ಬಾಟಲಿಯಕ್ಕನಿಗೂ ಕೆಲಸ ಸಿಗುತ್ತೆ, ನಿನ್ನ ಮರ್ಯಾದೆನೂ ಉಳಿಯುತ್ತೆ."

ಅತ್ತೆಗೆ ಆ ಮಾತು ಹಿಡಿಸಿತು. ಹಿಡಿಸಿತಲ್ಲ ಎಂಬುದಕ್ಕೇ ಇನ್ನಷ್ಟು ನಾಚಿಕೆಯಾಯಿತು.

ನನಗೆ ಮೊದಲ ಸಲ ಹೇಳಿದಾಗ ಅತ್ತೆ ಒಂದು ಸಂಗತಿಯನ್ನು ಬಿಟ್ಟಿದ್ದಳು. ಎರಡನೆಯ ಸಲ, ಬಟ್ಟೆ ಮಡಚುತ್ತಾ, ನನ್ನ ಕಡೆ ನೋಡದೆ ಹೇಳಿದಳು. ಬಾಟಲಿಯಕ್ಕ ಗಾಜಿನ ಕೋಣೆಗೆ ಮರಳಿದ ಒಂದು ವಾರಕ್ಕೆ ಅವಳು ಜೀನಿನ ಬಾಯಿ ಮುಚ್ಚಿಸಿದ ಎರಡು ಪ್ಲೇಟು ತೆಗೆದುಕೊಂಡು, ಒಂದನ್ನು ಹಾಳೆಯಲ್ಲಿದ್ದಂತೆ ಎಣಿಸಿದಳು. ಇನ್ನೊಂದನ್ನು ತೊಳೆದು ಎಣಿಸಿದಳು. ತೊಳೆಯದ್ದರಲ್ಲಿ ನಲವತ್ತಮೂರು ನೀಲಿ, ತೊಳೆದದ್ದರಲ್ಲಿ ಎಂಟು. ಪುಸ್ತಕ ತೆರೆದು, ಪೆನ್ನು ಹಿಡಿದು, ಎರಡಕ್ಕೂ ಎಂಟು ಎಂದು ಬರೆದಳು.

"ಅಲ್ಲಿವರೆಗೂ ತಪ್ಪು. ಆ ಎಂಟು ತಪ್ಪಲ್ಲ, ಸುಳ್ಳು. ಅದನ್ನೂ ಬರಿ" ಎಂದಳು.

ಮುಂದಿನ ಶುಕ್ರವಾರ ಮೇಡಮ್ ಸಭೆಯಲ್ಲಿ ಕೆಲಸ ಮುಗಿಯಿತು ಎಂದು ಹೇಳುವವರಿದ್ದರು. ಬದುಕಿಸುವ ಜೀನ್ ಇದ್ದರೂ ಇಲ್ಲದಿದ್ದರೂ ಕೋಶದ ಸಾವಿನಲ್ಲಿ ವ್ಯತ್ಯಾಸವಿಲ್ಲ ಎಂದು ಬರೆದು ಮುಚ್ಚಿಬಿಡುವುದು. ಬಾಟಲಿಯಕ್ಕನ ಅಂಕಿಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ ಎಂದೂ ಅದರಲ್ಲಿ ಒಂದು ಸಾಲು ಇತ್ತು. ಗುರುವಾರ ಬೆಳಿಗ್ಗೆ, ಬಾಟಲಿಯಕ್ಕನಿಗೆ ಬೈಗುಳ ಬಿದ್ದ ಹನ್ನೊಂದನೆಯ ದಿನ, ಅತ್ತೆ ಮೇಡಮ್ ಕೋಣೆಯ ಬಾಗಿಲು ತಟ್ಟಿದಳು. ಕೂತುಕೊಳ್ಳಿ ಎಂದರೂ ಕೂರಲಿಲ್ಲ.

"ಬಾಟಲಿಯಕ್ಕ ಎಣಿಸಿದ್ದು ಸರಿ ಮೇಡಮ್. ನಂದೇ ತಪ್ಪು."

ಮೇಡಮ್ ಕನ್ನಡಕ ತೆಗೆದರು. ಅತ್ತೆಯ ಬಲಗಣ್ಣು ಇನ್ನೂ ಸ್ವಲ್ಪ ಕೆಂಪಗಿತ್ತು. ಅದನ್ನು ನೋಡಿ ಅವರ ಮುಖ ಮೆತ್ತಗಾಯಿತು.

"ಅಯ್ಯೋ, ಹೌದಲ್ವಾ. ನಾನು ಯೋಚನೇನೇ ಮಾಡಲಿಲ್ಲ. ಪೊರೆ ಇದ್ದಾಗ ನೀಲಿ ಕಂಡಿರಲ್ಲ ನಿಮಗೆ. ಪಾಪ, ನಿಮ್ಮದೇನು ತಪ್ಪು?"

ಮಾವ ಹುಡುಕಿಕೊಟ್ಟ ದಾರಿಯನ್ನು ಮೇಡಮ್ ತಾವೇ ತೆರೆದು ಹಿಡಿದಿದ್ದರು. ಹೂಂ ಎಂದರೆ ಸಾಕಿತ್ತು. ಬಾಟಲಿಯಕ್ಕನಿಗೂ ಒಳ್ಳೆಯದಾಗುತ್ತಿತ್ತು. ಹೂಂ ಅನ್ನುವ ಶಬ್ದ ಗಂಟಲವರೆಗೆ ಬಂದಿತ್ತು ಎಂದು ಅತ್ತೆ ಹೇಳುತ್ತಾಳೆ.

"ಇಲ್ಲ ಮೇಡಮ್. ಕಣ್ಣಿಗೆ ಕಾಣ್ತಿತ್ತು. ಕಂಡಿದ್ದಕ್ಕೇ ತೊಳೆದೆ."

"ಏನು ತೊಳೆದ್ರಿ?"

"ತೇಲ್ತಿದ್ದವನ್ನೆಲ್ಲ. ಎಣಿಸೋಕೆ ಮೊದಲೇ. ಗಲೀಜು ಕಾಣ್ಬಾರದು ಅಂತ."

"ಎಷ್ಟು ದಿನದಿಂದ?"

"ಮೊದಲ ವಾರ ಬಿಟ್ಟು ಎಲ್ಲ." ಆಮೇಲೆ ನಲವತ್ತಮೂರನ್ನು ಎಂಟು ಎಂದು ಬರೆದದ್ದನ್ನೂ ಹೇಳಿದಳು. ಅದನ್ನು ಎರಡು ಸಲ ಹೇಳಬೇಕಾಯಿತು.

ಬೈಗುಳ ಬರುತ್ತದೆ ಎಂದು ಅತ್ತೆ ತಲೆ ತಗ್ಗಿಸಿ ಕಾದಳು. ಮೇಡಮ್ ಬೈಯಲಿಲ್ಲ. ಪಕ್ಕದ ಕೋಣೆಯಿಂದ ಬಂದ ವೈರಸ್ಸಿನ ಅಂಕಿಗಳನ್ನು ಎಳೆದುಕೊಂಡು ಬಾಟಲಿಯಕ್ಕನ ಅಂಕಿಗಳ ಪಕ್ಕದಲ್ಲಿಟ್ಟು ಬೆರಳು ಓಡಿಸತೊಡಗಿದರು. "ಸತ್ತಿವೆ... ಅದಕ್ಕೇ ಇಲ್ಲಿ ಕಡಿಮೆ... ಮನೆ ಕುಸಿದಿತ್ತು, ಕುಸಿದಿತ್ತು!" ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು. ಅವರ ಮುಖ ಅರಳಿತ್ತು. ಎದುರಿಗೆ ಅತ್ತೆ ನಿಂತಿದ್ದಾಳೆ ಎಂಬುದನ್ನೇ ಮರೆತಿದ್ದರು. ಆ ಸಂತೋಷವನ್ನು ಒಂದು ವರ್ಷ ತಾನೇ ಬ್ಲೀಚ್ ನೀರಿಗೆ ಚೆಲ್ಲಿದ್ದೆ ಎಂದು ಅತ್ತೆಗೆ ಅನ್ನಿಸಿತು. ಬೈದಿದ್ದರೆ ಅಷ್ಟು ಕಷ್ಟವಾಗುತ್ತಿರಲಿಲ್ಲವಂತೆ.

ತುಸು ಹೊತ್ತಿನ ಮೇಲೆ ಮೇಡಮ್ ತಲೆ ಎತ್ತಿದರು. ಮುಖದ ನಗು ಹೋಗಿತ್ತು.

"ಬಾಟಲಿಯಕ್ಕನಿಗೆ ಹೇಳಿದ್ರಾ?"

"ಇಲ್ಲ."

"ನಾನೂ ಹೋಗ್ಬೇಕು ಅವರ ಹತ್ತಿರ. ಎಲ್ಲರೆದುರು ಅಂದುಬಿಟ್ಟೆ. ಹೇಗೆ ಎಣಿಸಿದ್ರಿ ಅಂತ ಒಂದು ಮಾತೂ ಕೇಳಲಿಲ್ಲ." ಹಾಳೆಗಳನ್ನು ಬದಿಗೆ ಸರಿಸಿ, "ಮೊದಲು ನೀವು ಹೋಗಿ" ಎಂದರು.

ಗಾಜಿನ ಕೋಣೆಯಲ್ಲಿ ಹಬೆ ತುಂಬಿತ್ತು. ಬಾಟಲಿಯಕ್ಕ ಉದ್ದ ಕುಂಚದಿಂದ ಬಾಟಲಿಯ ಒಳಗೆ ಉಜ್ಜುತ್ತಿದ್ದರು. ಅತ್ತೆ ಬಾಗಿಲಲ್ಲೇ ನಿಂತು ಎಲ್ಲವನ್ನೂ ಹೇಳಿದಳು. ಬಾಟಲಿಯಕ್ಕ ಉಜ್ಜುವುದನ್ನು ನಿಲ್ಲಿಸಲಿಲ್ಲ. ಆ ಬಾಟಲಿ ಮುಗಿಸಿ ಕವುಚಿಟ್ಟು, ಇನ್ನೊಂದನ್ನು ಎತ್ತಿಕೊಂಡರು.

"ಅಂದ್ರೆ ಅವತ್ತು ನೀವು ನನ್ನ ಪರ ಮಾತಾಡಲಿಲ್ಲ."

"ಇಲ್ಲ."

"ಗೊತ್ತಿದ್ದೂ ಅಂದ್ರಿ."

"ಗೊತ್ತಿತ್ತು."

"ಮನೇಲಿ ಮಕ್ಕಳ ಹತ್ತಿರ ಹೇಳ್ಕೊಂಡೆ ನಾನು. ಚೊಕ್ಕಮ್ಮನಂಥವರು ಇನ್ನೊಬ್ಬರಿಲ್ಲ ಅಂತ." ಕುಂಚವನ್ನು ಬಾಟಲಿಯೊಳಗೆ ತುರುಕಿ ಗರಗರ ತಿರುಗಿಸಿದರು. "ನನಗೇ ಅನುಮಾನ ಬಂದುಬಿಟ್ಟಿತ್ತು ಗೊತ್ತಾ? ನನಗೆ ನೀಲಿ ಯಾವುದು, ಬಿಳಿ ಯಾವುದು ಅಂತಾನೇ ಗೊತ್ತಾಗಲ್ಲವೇನೋ ಅಂತ. ಆಕಾಶ ನೋಡಿ ಪರೀಕ್ಷೆ ಮಾಡ್ಕೊಂಡೆ."

"ಆ ಮುಲಾಮು..." ಎಂದು ಅತ್ತೆ ಏನೋ ಶುರುಮಾಡಿದಳು.

"ಅದನ್ನ ವಾಪಸ್ ಕೊಡಲ್ಲ" ಎಂದರು ಬಾಟಲಿಯಕ್ಕ. "ಅರ್ಧ ಮುಗಿದಿದೆ. ಅದು ನಿಮಗಿಂತ ಒಳ್ಳೇದು, ಸೀಳು ಕೂಡ್ತಿದೆ. ಈಗ ಹೋಗಿ, ಹಬೆ ಕಣ್ಣಿಗೆ ಆಗಲ್ಲ ನಿಮಗೆ."

ಮೇಡಮ್ ಶುಕ್ರವಾರದ ಸಭೆಯಲ್ಲಿ ಕೆಲಸ ಮುಗಿದಿಲ್ಲ ಎಂದು ಹೇಳಿದರು. ಬಾಟಲಿಯಕ್ಕನ ಕ್ಷಮೆಯನ್ನೂ ಅಲ್ಲೇ, ಎಲ್ಲರೆದುರು ಕೇಳಿದರು. ಅತ್ತೆಯನ್ನು ಕೆಲಸದಿಂದ ತೆಗೆಯಲಿಲ್ಲ. ಎಣಿಸುವ ಕೆಲಸವನ್ನು ಮಾತ್ರ ಅವಳಿಂದ ತೆಗೆದು ಬಾಟಲಿಯಕ್ಕನಿಗೆ ಕೊಟ್ಟರು. ಜೊತೆಗೆ ಇನ್ನೊಂದು ಕೆಲಸ ಹೇಳಿದರು. ಆ ಪುಸ್ತಕದಲ್ಲಿ ಯಾವುದನ್ನೂ ಅಳಿಸುವಂತಿಲ್ಲ, ಹಾಳೆ ಹರಿಯುವಂತಿಲ್ಲ. ತಪ್ಪಾದ ಅಂಕಿಯ ಮೇಲೆ ಒಂದೇ ಒಂದು ಗೆರೆ ಎಳೆಯಬೇಕು, ಕೆಳಗಿನ ಅಂಕಿ ಓದಲು ಬರುವಂತೆ. ಪಕ್ಕದಲ್ಲಿ ಕಾರಣ ಬರೆದು ಸಹಿ ಹಾಕಬೇಕು. ನೂರ ಎಂಬತ್ತಾರು ಸಾಲುಗಳಿದ್ದವು. ಎರಡು ದಿನ ಅತ್ತೆ ಅಡಿಕೋಲು ಇಟ್ಟುಕೊಂಡು ಗೆರೆ ಎಳೆದಳು. ನೂರ ಎಂಬತ್ತೈದು ಸಲ "ಎಣಿಸುವ ಮೊದಲು ತೊಳೆದಿದ್ದೇನೆ" ಎಂದು ಬರೆದಳು. ಒಂದರ ಪಕ್ಕದಲ್ಲಿ "ನಲವತ್ತಮೂರು ಎಂದು ಗೊತ್ತಿದ್ದೂ ಎಂಟು ಎಂದು ಬರೆದಿದ್ದೇನೆ" ಎಂದು ಬರೆದಳು. ಹೊಸದಾಗಿ ಬರುವ ವಿದ್ಯಾರ್ಥಿಗಳು ಮೊದಲು ಓದುವುದು ಆ ಪುಸ್ತಕವನ್ನೇ.

ಎಲ್ಲವನ್ನೂ ಮೊದಲಿನಿಂದ ಮತ್ತೆ ಮಾಡುತ್ತಿದ್ದಾರೆ. ಇಲ್ಲಿಯವರೆಗಿನ ಪ್ಲೇಟುಗಳಲ್ಲಿ, ಬದುಕಿಸುವ ಜೀನಿನ ಬಾಯಿ ಮುಚ್ಚಿಸಿದಲ್ಲೆಲ್ಲ ಕಾವಲು ಕೋಶಗಳು ಹೆಚ್ಚು ಸಾಯುತ್ತಿವೆ, ವೈರಸ್ ಅವುಗಳ ಜೊತೆಗೇ ಸೊರಗುತ್ತಿದೆ. ಜೀನ್ ತಾಳು ಎಂದಲ್ಲೆಲ್ಲ ಕೋಶಗಳು ಮುತ್ತಿನ ಹಾಗೆ ಹೊಳೆಯುತ್ತಿವೆ. ವೈರಸ್ ತುಂಬಿರುವುದು ಅವುಗಳಲ್ಲೇ. ಇನ್ನೂ ಒಂದು ವರ್ಷ ನೋಡಬೇಕು ಎಂದಿದ್ದಾರೆ ಮೇಡಮ್.

ಅತ್ತೆಯನ್ನು ಈಗಲೂ ಎಲ್ಲರೂ ಚೊಕ್ಕಮ್ಮ ಎಂದೇ ಕರೆಯುತ್ತಾರೆ. ಅಭ್ಯಾಸವಾಗಿದೆ, ಬೇರೆ ಉದ್ದೇಶವಿಲ್ಲ. ಪ್ರತಿ ಸಲ ಕರೆದಾಗಲೂ ಕಿವಿ ಬಿಸಿಯಾಗುತ್ತದೆ ಎನ್ನುತ್ತಾಳೆ. ಹಾಗೆ ಕರೆಯಬೇಡಿ ಎಂದು ಮಾತ್ರ ಕೇಳಿಲ್ಲ.

ಎಣಿಸುವ ದಿನ ಪ್ಲೇಟುಗಳನ್ನು ಬೆಚ್ಚಗಿನ ಪೆಟ್ಟಿಗೆಯಿಂದ ತಂದು ಬಾಟಲಿಯಕ್ಕನ ಮುಂದಿಡುವುದು ಅವಳ ಕೆಲಸ. ಬಾಟಲಿಯಕ್ಕ ಮೈಕ್ರೋಸ್ಕೋಪಿನಿಂದ ಕಣ್ಣು ತೆಗೆಯುವುದಿಲ್ಲ. ಕೆಲಸದ ಮಾತು ಬಿಟ್ಟು ಬೇರೆ ಮಾತೂ ಆಡುವುದಿಲ್ಲ. ಆದರೂ ಮಬ್ಬಾದ ಪ್ಲೇಟೊಂದು ಬಂದಾಗ ಪಕ್ಕದಲ್ಲಿ ಏನಾಗುತ್ತದೆ ಎಂದು ಅವರಿಗೆ ಗೊತ್ತು. ಅತ್ತೆಗೆ ತಿಳಿಯದೆಯೇ ಅವಳ ಕೈ ಉಪ್ಪುನೀರಿನ ಬಾಟಲಿಯ ಕಡೆ ಹೋಗಿರುತ್ತದೆ.

"ಚೊಕ್ಕಮ್ಮ, ಕೈ" ಎನ್ನುತ್ತಾರೆ ಬಾಟಲಿಯಕ್ಕ.

ಅತ್ತೆ ಕೈ ಹಿಂದಕ್ಕೆ ತೆಗೆದುಕೊಳ್ಳುತ್ತಾಳೆ.